ತಂಬೂರಿ ಕೇಳಿಸಬೇಕು



ಸಂಗೀತದ ಹೆಸರಿನಲ್ಲಿರುವ ದತ್ತಿ ಉಪನ್ಯಾಸದಲ್ಲಿ ವಾಗ್ಗೇಯಕಾರರ ಬಗ್ಗೆಯೋ ಘರಾಣೆಗಳ ಬಗ್ಗೆಯೋ ಮಾತನಾಡುವುದು ರೂಢಿ. ನಾನು ಸ್ಪೀಕರು, ಆಂಪ್ಲಿಫೈಯರು, ವೈರು ಎಂದು ಹೊರಟರೆ ಇದೇನು ಅಂಗಡಿಯವನ ಮಾತು ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ನಾವು ಕೇಳುವ ಸಂಗೀತದ ಬಹುಪಾಲು ಮನೆಯಲ್ಲೇ ಕೇಳಿದ್ದು. ಮಲ್ಲಿಕಾರ್ಜುನ ಮನ್ಸೂರರನ್ನು ಎದುರು ಕೂತು ಕೇಳಿದ ಪುಣ್ಯವಂತರು ಈ ಸಭೆಯಲ್ಲಿ ಕೆಲವರಿರಬಹುದು. ಉಳಿದವರಿಗೆಲ್ಲ ಅವರು ಒಂದು ಪೆಟ್ಟಿಗೆಯೊಳಗಿಂದ ಬಂದವರೇ. ಆ ಪೆಟ್ಟಿಗೆ ಸರಿಯಿದೆಯೇ ಎಂದು ಕೇಳುವುದು ಸಂಗೀತದ ಹೊರಗಿನ ಪ್ರಶ್ನೆಯಲ್ಲ.

ಹೈ-ಫೈ ವಿಷಯ ಬಂದಾಗ ನನ್ನನ್ನು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: "ಒಂದಿಷ್ಟು ದುಡ್ಡು ಇಟ್ಟುಕೊಂಡಿದ್ದೇನೆ ಸಾರ್, ಯಾವ ಆಂಪ್ ತಗೊಳ್ಳಲಿ?" ನನ್ನ ಮರುಪ್ರಶ್ನೆಯೂ ಒಂದೇ: "ಕೋಣೆ ಎಷ್ಟು ಅಡಿ ಅಗಲ?" ಕೇಳಿದವರ ಮುಖ ಬಾಡುತ್ತದೆ. ಆದರೂ ಇವತ್ತು ನಾನು ಹೇಳಬೇಕಾಗಿರುವುದೆಲ್ಲ ಆ ಮರುಪ್ರಶ್ನೆಯಲ್ಲೇ ಇದೆ. ಮನೆಯ ಹೈ-ಫೈಯನ್ನು ಸುಧಾರಿಸುವ ಕೆಲಸ ಅಂಗಡಿಯವರು ಹೇಳುವ ಕ್ರಮಕ್ಕೆ ಸರಿಯಾಗಿ ತಲೆಕೆಳಗಾಗಿ ನಡೆಯಬೇಕು. ಮೊದಲು ಕೋಣೆ, ಆಮೇಲೆ ಸ್ಪೀಕರನ್ನು ಇಡುವ ಜಾಗ, ಆಮೇಲೆ ಸ್ಪೀಕರು, ಅದಾದ ಮೇಲೆ ಧ್ವನಿಮುದ್ರಣ. ಆಂಪ್ಲಿಫೈಯರೂ ವೈರೂ ಸಾಲಿನ ಕೊನೆಯಲ್ಲಿ ನಿಲ್ಲಲಿ.

ಹೈ-ಫೈ, ಅಂದರೆ ಹೈ ಫಿಡೆಲಿಟಿ, ಎನ್ನುವವರು ನಿಷ್ಠೆಯ ಮಾತಾಡುತ್ತಾರೆ. ಯಾವುದಕ್ಕೆ ನಿಷ್ಠೆ? ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದವರಿಗೆ ಉತ್ತರ ಸುಲಭ. ಮೈಕಿಲ್ಲದ ಸಭಾಂಗಣದಲ್ಲಿ ವಾದ್ಯವೃಂದ ಹೇಗೆ ಕೇಳಿಸುತ್ತದೋ ಹಾಗೆ. ನಮ್ಮಲ್ಲಿ ಕಚೇರಿಯೇ ಮೈಕಿನಲ್ಲಿ ನಡೆಯುತ್ತದೆ. ಪಿಟೀಲು ಚೌಡಯ್ಯನವರು ಜೊತೆ ತಂತಿಗಳನ್ನು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡದ್ದು ಮೈಕು ಇನ್ನೂ ರೂಢಿಗೆ ಬಾರದ ಕಾಲದಲ್ಲಿ, ಹಿಂದಿನ ಸಾಲಿನವರಿಗೂ ಕೇಳಿಸಲಿ ಎಂದು. ಇವತ್ತು ಅಂಥ ಉಪಾಯ ಯಾರಿಗೂ ಬೇಕಿಲ್ಲ. ಅದರ ಬದಲು ಮೃದಂಗದವರಿಗೆ ಎರಡು ಮೈಕು, ಗಾಯಕರಿಗೆ ಒಂದು ಮೈಕು, ಎದುರಿಗೆ ಇಬ್ಬರಾಳು ಹೊರುವಂಥ ಸ್ಪೀಕರು. "ಮಾನಿಟರ್ ಸ್ವಲ್ಪ ಜಾಸ್ತಿ ಮಾಡಿ" ಎಂಬ ಮಾತು ವರ್ಣದಷ್ಟೇ ಕಡ್ಡಾಯವಾಗಿ ಕಚೇರಿಯ ಮೊದಲಲ್ಲಿ ಬರುತ್ತದೆ. ಮೈಕು ಹಿಡಿತದಲ್ಲಿಲ್ಲದ ಸಭಾಂಗಣಕ್ಕಿಂತ ಚೆನ್ನಾಗಿ ಹೊಂದಿಸಿದ ಒಂದು ಸಣ್ಣ ಕೋಣೆ ಗಾಯಕರ ಕಂಠಕ್ಕೆ ಹೆಚ್ಚು ಪ್ರಾಮಾಣಿಕವಾಗಿರಬಲ್ಲದು. ಇದು ಅತಿಶಯೋಕ್ತಿಯಲ್ಲ. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ರಾಮನವಮಿಯ ಚಪ್ಪರದಡಿ ಕೂತು ಕೇಳುವ ಸುಖವೇ ಬೇರೆ, ಅದನ್ನು ಯಾವ ಯಂತ್ರವೂ ಕೊಡಲಾರದು. ಆದರೆ ಆ ಸುಖಕ್ಕೂ ಸ್ವರದ ಸ್ಪಷ್ಟತೆಗೂ ಸಂಬಂಧ ಕಡಿಮೆ.

ಹಾಗಾದರೆ ಅಳತೆಗೋಲು ಯಾವುದು? ನಾನು ಹಿಡಿಯುವುದು ತಂಬೂರಿಯನ್ನು.

ತಂಬೂರಿಯ ಕುದುರೆಯ ಮೇಲ್ಮೈ ಚೂಪಾಗಿಲ್ಲ, ಅಗಲವಾಗಿ ಬಾಗಿದೆ. ಅದರ ಮೇಲೆ ತಂತಿಯಡಿಗೆ ಜೀವಾಳಿಯ ಎಳೆಯನ್ನು ತೂರಿಸುತ್ತೇವೆ. ತಂತಿ ಕಂಪಿಸುವಾಗ ಆ ಮೇಲ್ಮೈಯನ್ನು ಮುಟ್ಟಿ ಮುಟ್ಟಿ ಬಿಡುತ್ತದೆ. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೋ ಆ ಬಿಂದುವಿನಲ್ಲಿ ನಿಶ್ಚಲವಾಗಿರುವ ಅನುಸ್ವರಗಳು (ಓವರ್‌ಟೋನ್‌ಗಳು) ಹುಟ್ಟಬಾರದು ಎಂಬುದು ಭೌತಶಾಸ್ತ್ರದ ಹಳೆಯ ನಿಯಮ. ತಂಬೂರಿ ಮತ್ತು ವೀಣೆಗಳು ಈ ನಿಯಮವನ್ನು ಮೀರುತ್ತವೆ, ಅದಕ್ಕೆ ಕುದುರೆಯ ಆಕಾರವೇ ಕಾರಣ ಎಂದು ಸಿ.ವಿ. ರಾಮನ್ 1921ರಲ್ಲಿ ಬರೆದರು. ಆಗ ಅವರು ಕಲ್ಕತ್ತೆಯಲ್ಲಿದ್ದರು. ಬೆಂಗಳೂರಿಗೆ ಬಂದದ್ದು 1933ರಲ್ಲಿ. ಕೆಳಗಿನ ಷಡ್ಜದಿಂದ ಹಿಡಿದು ಸಾವಿರಾರು ಹರ್ಟ್ಜ್‌ವರೆಗೆ ಹಬ್ಬಿದ ಈ ನಾದ ನಿಮಿಷಗಟ್ಟಲೆ ಒಂದೇ ಸಮ ನಡೆಯುತ್ತಿರುತ್ತದೆ. ಎಲ್ಲಿ ಉಬ್ಬಿದರೂ, ಎಲ್ಲಿ ತಗ್ಗಿದರೂ ಕಿವಿ ಅದನ್ನು ಹಿಡಿಯುತ್ತದೆ. ಕಳಪೆ ಸ್ಪೀಕರಿನಲ್ಲಿ ತಂಬೂರಿ ಎಂದರೆ ಗಾಯಕರ ಬೆನ್ನ ಹಿಂದೆ ಸೊಳ್ಳೆ ಗುಂಯ್‌ಗುಟ್ಟಿದಂತೆ. ಸರಿಯಾದದ್ದರಲ್ಲಿ ಪಂಚಮ ಬೇರೆ, ಸಾರಣೆಗಳು ಬೇರೆ, ಮಂದ್ರ ಬೇರೆ. ನಾಲ್ಕು ತಂತಿಯನ್ನೂ ಎಣಿಸಬಹುದು, ಅವುಗಳ ನಡುವೆ ಯಾರೂ ಮೀಟದ ಗಾಂಧಾರ ತಾನಾಗಿ ಅರಳುವುದೂ ಕೇಳಿಸುತ್ತದೆ. ಅಂಗಡಿಯಲ್ಲಿ ಅವರು ಹಾಕಿ ತೋರಿಸುವ ಗುಡುಗು, ಹೆಲಿಕಾಪ್ಟರು, ಒಡೆಯುವ ಗಾಜು ಇವೆಲ್ಲ ಯಾವ ಪರೀಕ್ಷೆಯೂ ಅಲ್ಲ. ಒಡೆಯುವ ಗಾಜು ಹೇಗೆ ಸದ್ದು ಮಾಡಬೇಕೆಂದು ನಮಗೇನು ಗೊತ್ತು? ನಿಜವಾದ ತಂಬೂರಿ ಇರುವ ಧ್ವನಿಮುದ್ರಣವೊಂದನ್ನು ಜೊತೆಗೆ ಒಯ್ಯಿರಿ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯದು ಈ ಕೆಲಸಕ್ಕೆ ಬರುವುದಿಲ್ಲ.

ಈಗ ಕೋಣೆಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ವಸ್ತುಸಂಗ್ರಹಾಲಯದ ಹೊಸ ಉಪನ್ಯಾಸ ಭವನದಲ್ಲಿ ಮೇಷ್ಟರು ಹೇಳಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಆಡಿದ ಒಂದು ಪದ ಐದೂವರೆ ಸೆಕೆಂಡು ಉಳಿಯುತ್ತಿತ್ತು. ಸರಿಪಡಿಸುವ ಕೆಲಸ ವ್ಯಾಲೇಸ್ ಕ್ಲೆಮೆಂಟ್ ಸೇಬೈನ್ ಎಂಬ ತರುಣ ಭೌತಶಾಸ್ತ್ರ ಅಧ್ಯಾಪಕನ ಪಾಲಿಗೆ ಬಂತು. ಆತ ಇನ್ನೊಂದು ರಂಗಮಂದಿರದ ಕುರ್ಚಿಗಳ ದಿಂಬುಗಳನ್ನು ರಾತ್ರಿ ಹೊತ್ತು ಹೊರಿಸಿ ತರಿಸಿದ. ಆರ್ಗನ್ ಕೊಳವೆಯೊಂದನ್ನು ನುಡಿಸಿ ನಿಲ್ಲಿಸಿ, ಸದ್ದು ಅಡಗುವವರೆಗಿನ ಹೊತ್ತನ್ನು ಗಡಿಯಾರದಲ್ಲಿ ಅಳೆದ. ಬೆಳಗಾಗುವುದರೊಳಗೆ ದಿಂಬುಗಳು ಮತ್ತೆ ತಮ್ಮ ಜಾಗದಲ್ಲಿರಬೇಕು. ಆ ರಾತ್ರಿಗಳಿಂದ ಹುಟ್ಟಿದ ಸೂತ್ರ ಇವತ್ತಿಗೂ ಚಾಲ್ತಿಯಲ್ಲಿದೆ. ಕೋಣೆಯ ಘನ ಅಳತೆಯನ್ನು ಮೀಟರ್ ಲೆಕ್ಕದಲ್ಲಿ 0.161ರಿಂದ ಗುಣಿಸಿ, ಕೋಣೆಯೊಳಗಿನ ವಸ್ತುಗಳು ಹೀರುವ ಸದ್ದಿನ ಮೊತ್ತದಿಂದ ಭಾಗಿಸಿದರೆ ಮಾರ್ದನಿಯ ಸೆಕೆಂಡುಗಳು ಸಿಗುತ್ತವೆ. 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್ ಈ ಲೆಕ್ಕದ ಮೇಲೆ ಕಟ್ಟಿದ್ದು.

ನಮ್ಮ ಊರಿನ ಒಂದು ಫ್ಲ್ಯಾಟಿಗೆ ಇದನ್ನು ಹಚ್ಚಿ ನೋಡೋಣ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆ. ಘನ ಅಳತೆ ಸುಮಾರು 34 ಘನ ಮೀಟರ್. ನೆಲಕ್ಕೆ ವಿಟ್ರಿಫೈಡ್ ಟೈಲ್, ಗೋಡೆಗೆ ಪುಟ್ಟಿ ಹಚ್ಚಿದ ನುಣುಪು ಬಣ್ಣ, ಮೇಲೆ ಆರ್‌ಸಿಸಿ ತಾರಸಿ, ಒಂದು ಬದಿಗೆ ಗಾಜಿನ ಕಿಟಕಿ. ಇವುಗಳಲ್ಲಿ ಸದ್ದನ್ನು ಹೀರುವುದು ಯಾವುದೂ ಇಲ್ಲ. ಖಾಲಿ ಇದ್ದಾಗ ಮಾರ್ದನಿ ಎರಡು ಸೆಕೆಂಡನ್ನು ಮೀರುತ್ತದೆ. ದ್ರುತ್ ತಾನಿನಲ್ಲಿ ಗಾಯಕರು ಸೆಕೆಂಡಿಗೆ ಎಂಟು ಸ್ವರ ಹಾಕಿದರೆ ಒಂದು ಸ್ವರ ಪೂರಾ ಸಾಯುವ ಮೊದಲು ಅದರ ಮೇಲೆ ಇನ್ನೂ ಹದಿನಾರು ಸ್ವರ ಬಂದು ಬೀಳುತ್ತವೆ. ಭೀಮಸೇನ ಜೋಶಿಯವರ ತಾನು ಅಲ್ಲಿ ಬರೀ ರಭಸವಾಗುತ್ತದೆ, ಸ್ವರವಾಗುವುದಿಲ್ಲ. ಎಷ್ಟು ಲಕ್ಷದ ಆಂಪ್ಲಿಫೈಯರ್ ತಂದರೂ ಅದು ಆ ಹದಿನಾರು ಸ್ವರಗಳನ್ನು ಇನ್ನಷ್ಟು ಸ್ಪಷ್ಟವಾಗಿ ರಾಶಿ ಹಾಕುತ್ತದೆ, ಅಷ್ಟೆ.

ಮನೆಯಲ್ಲಿ ಕೇಳಲು ಅರ್ಧ ಸೆಕೆಂಡಿಗಿಂತ ಕೊಂಚ ಕಡಿಮೆ ಮಾರ್ದನಿ ಹಿತ. ಅದಕ್ಕೆ ಈ ಕೋಣೆಯಲ್ಲಿ ಸದ್ದನ್ನು ಪೂರಾ ಹೀರುವ ಹದಿಮೂರು ಹದಿನಾಲ್ಕು ಚದರ ಮೀಟರ್ ಮೇಲ್ಮೈಗೆ ಸಮನಾದ ಹೀರಿಕೆ ಬೇಕು. ಒಬ್ಬ ಮನುಷ್ಯ ಕೂತರೆ ಸುಮಾರು ಅರ್ಧ ಚದರ ಮೀಟರ್ ಬರುತ್ತದೆ. ಉಳಿದದ್ದನ್ನು ಸಾಮಾನುಗಳಿಂದ ತುಂಬಬೇಕು. ಇದಕ್ಕೆಂದೇ ದುಬಾರಿ ಫೋಮು ಮಾರುತ್ತಾರೆ. ಅದಕ್ಕೆ ಮೊದಲು ಮನೆಯನ್ನೇ ಒಮ್ಮೆ ನೋಡಿ. ಹತ್ತಿ ತುಂಬಿದ ಹಾಸಿಗೆ, ದಪ್ಪ ಸೋಫಾ, ನೆರಿಗೆ ಹೆಚ್ಚು ಬಿಟ್ಟ ಭಾರದ ಪರದೆ, ಗೋಡೆಗೆ ತೂಗುಹಾಕಿದ ಉತ್ತರ ಕರ್ನಾಟಕದ ಕೌದಿ. ಕೌದಿಯನ್ನು ಗೋಡೆಗೆ ಅಂಟಿಸಬೇಡಿ. ಎರಡು ಮೂರು ಇಂಚು ಮುಂದಕ್ಕೆ ಕಟ್ಟಿದರೆ ಇನ್ನೂ ಕೆಳಗಿನ ಸ್ವರಗಳವರೆಗೆ ಅದು ಕೆಲಸ ಮಾಡುತ್ತದೆ. ನವಲಗುಂದದ ಜಮಖಾನೆಯನ್ನು ಸ್ಪೀಕರಿಗೂ ನಿಮಗೂ ನಡುವಿನ ನೆಲದ ಮೇಲೆ ಹಾಸಬಹುದು. ಅದು ತೆಳು, ಮೇಲಿನ ಸ್ವರಗಳಿಗೆ ಮಾತ್ರ ನಾಟುತ್ತದೆ. ಕೆಳಗೆ ಒಂದು ಕಂಬಳಿ ಇದ್ದರೆ ಒಳ್ಳೆಯದು. ಒಪ್ಪವಿಲ್ಲದೆ ಜೋಡಿಸಿದ ಪುಸ್ತಕದ ಕಪಾಟಂತೂ ಹಿಂದಿನ ಗೋಡೆಗೆ ಹೇಳಿ ಮಾಡಿಸಿದ್ದು. ಅದು ಸದ್ದನ್ನು ಒಂದಿಷ್ಟು ಹೀರುತ್ತದೆ, ಉಳಿದದ್ದನ್ನು ಚದುರಿಸುತ್ತದೆ. ಮೊಟ್ಟೆ ಟ್ರೇಗಳನ್ನು ಗೋಡೆಗೆಲ್ಲ ಅಂಟಿಸುವವರಿದ್ದಾರೆ. ಅದರಿಂದ ಜಿರಳೆಗಳಿಗೆ ಆಗುವ ಉಪಕಾರ ಕಿವಿಗೆ ಆಗುವುದಿಲ್ಲ.

ಬಟ್ಟೆಯ ಆಟ ಮಂದ್ರದ ಮುಂದೆ ನಡೆಯದು. 100 ಹರ್ಟ್ಜ್ ಸದ್ದಿನ ಅಲೆ ಮೂರೂವರೆ ಮೀಟರ್ ಹತ್ತಿರ ಉದ್ದ. ಅದನ್ನು ಹೀರಿ ನಿಲ್ಲಿಸಲು ಅದರ ಕಾಲು ಭಾಗದಷ್ಟು, ಎಂದರೆ ಹೆಚ್ಚೂಕಡಿಮೆ ಮೂರಡಿಯಷ್ಟು, ದಪ್ಪ ಬೇಕು. ಅಷ್ಟು ಜಾಗ ಯಾರ ಮನೆಯಲ್ಲಿದೆ? ಮೇಲಾಗಿ ಗೋಡೆಯಿಂದ ಗೋಡೆಗೆ ಅರ್ಧ ಅಲೆ ಸರಿಯಾಗಿ ಕೂರುವ ಸ್ವರಗಳು ಆ ಕೋಣೆಯಲ್ಲಿ ಉಬ್ಬುತ್ತವೆ. ಹತ್ತು ಅಡಿಗೆ ಅದು 56 ಹರ್ಟ್ಜ್, ಹನ್ನೆರಡು ಅಡಿಗೆ 47, ಆಮೇಲೆ ಅವುಗಳ ದುಪ್ಪಟ್ಟು, ಮುಪ್ಪಟ್ಟು. ನಮ್ಮ ಉದಾಹರಣೆಯ ಕೋಣೆಯಲ್ಲಿ ಅಗಲವೂ ಎತ್ತರವೂ ಹತ್ತೇ ಅಡಿ. ಆದ್ದರಿಂದ 56ರಲ್ಲೂ 112ರಲ್ಲೂ ಎರಡು ಉಬ್ಬುಗಳು ಒಂದರ ಮೇಲೊಂದು ಕೂರುತ್ತವೆ. ಕರಿ ಒಂದರ ಶ್ರುತಿಯಲ್ಲಿ ಹಾಡುವವರ ಷಡ್ಜ 138 ಹರ್ಟ್ಜ್ ಆಸುಪಾಸು, ಅವರ ಮಂದ್ರ ಧೈವತ 115ರ ಹತ್ತಿರ. ಆಲಾಪದಲ್ಲಿ ಅವರು ಧೈವತಕ್ಕೆ ಇಳಿದಾಗಲೆಲ್ಲ ಕೋಣೆ ತಾನೂ ದನಿಗೂಡಿಸುತ್ತದೆ, ನಿಷಾದಕ್ಕೆ ಏರಿದರೆ ಸುಮ್ಮನಾಗುತ್ತದೆ. ಗಾಯಕರು ಧೈವತಕ್ಕೆ ಒತ್ತು ಕೊಟ್ಟರೆಂದು ನಾವು ತಲೆದೂಗುತ್ತೇವೆ. ಒತ್ತು ಕೊಟ್ಟದ್ದು ಮೇಸ್ತ್ರಿ.

ಇದಕ್ಕೆ ಖರ್ಚಿಲ್ಲದ ಮದ್ದು ಕುರ್ಚಿಯನ್ನು ಸರಿಸುವುದು. ಈ ಉಬ್ಬು ಗೋಡೆಯ ಬುಡದಲ್ಲಿ, ಅದರಲ್ಲೂ ಮೂಲೆಯಲ್ಲಿ, ಅತಿ ಹೆಚ್ಚು. ಕೋಣೆಯ ನಟ್ಟನಡುವೆ ಮೊದಲ ಉಬ್ಬು ಪೂರಾ ಮಾಯ. ನಮ್ಮ ಮನೆಗಳಲ್ಲಿ ಸೋಫಾ ಹಿಂದಿನ ಗೋಡೆಗೆ ಆನಿಕೊಂಡಿರುವುದೇ ಪದ್ಧತಿ. ಎರಡು ಮೂರು ಅಡಿ ಮುಂದೆ ಎಳೆದು ನೋಡಿ. ಮೃದಂಗದ ಎಡಭಾಗದ ಗುಮ್ಕಿಗೆ ಆಕಾರ ಬರುತ್ತದೆ, ಡಗ್ಗಾದ ಮೀಂಡು ಕೇಳಿಸತೊಡಗುತ್ತದೆ. ಹಳೆಯ ಹಂಚಿನ ಮನೆಗಳ ಇಳಿಜಾರು ಮಾಡು, ಮಣ್ಣಿನ ಗೋಡೆ, ಅಟ್ಟ, ನಾಗಂದಿಗೆ, ಎಲ್ಲೆಂದರಲ್ಲಿ ಇಟ್ಟ ಸಾಮಾನು ಇವೆಲ್ಲ ಸಂಗೀತಕ್ಕೆ ಈ ಚೌಕಟ್ಟಾದ ಕಾಂಕ್ರೀಟ್ ಪೆಟ್ಟಿಗೆಗಳಿಗಿಂತ ಎಷ್ಟೋ ಅನುಕೂಲವಾಗಿದ್ದವು. ಮಲೆನಾಡಿನಲ್ಲಿ ಅಂಥ ಮನೆ ಇನ್ನೂ ಇಟ್ಟುಕೊಂಡಿರುವವರು ಕೆಡವುವ ಮುನ್ನ ಒಮ್ಮೆ ಒಳ್ಳೆಯ ಸ್ಪೀಕರ್ ಇಟ್ಟು ಕೇಳಲಿ.

ಸ್ಪೀಕರ್ ಇಡುವ ಜಾಗದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಂದು ಶೋಕೇಸಿನೊಳಗೆ, ಇನ್ನೊಂದು ಬೀರುವಿನ ಮೇಲೆ ದೀಪಾವಳಿಯ ಪೆಟ್ಟಿಗೆಗಳ ನಡುವೆ, ಇದು ನಾವು ನೋಡುವ ದೃಶ್ಯ. ಸ್ಟೀರಿಯೊ ಕಲ್ಪನೆಗೆ ಇಂಗ್ಲೆಂಡಿನ ಅಲನ್ ಬ್ಲೂಮ್ಲೀನ್ 1931ರಲ್ಲಿ ಪೇಟೆಂಟ್ ಅರ್ಜಿ ಹಾಕಿದಾಗಿನಿಂದ ಅದು ನಿಂತಿರುವುದು ಎರಡು ಸ್ಪೀಕರು ಮತ್ತು ಒಬ್ಬ ಕೇಳುಗ ಸೇರಿ ಸಮ ಬದಿಯ ತ್ರಿಕೋನವಾಗುವುದರ ಮೇಲೆ. ಮೇಲಿನ ಸ್ವರದ ಸಣ್ಣ ಸ್ಪೀಕರು, ಅಂದರೆ ಟ್ವೀಟರು, ಕಿವಿಯ ಮಟ್ಟದಲ್ಲಿರಲಿ. ಗೋಡೆಯಿಂದ ಎರಡಡಿಯಾದರೂ ದೂರ ಇರಲಿ. ಸರಿಯಾಗಿದೆಯೇ ಎಂದು ನೋಡಲು 1950ರ ದಶಕದ ಯಾವುದಾದರೂ ಮೋನೊ ಮುದ್ರಣ ಹಾಕಿ. ಎರಡೂ ಸ್ಪೀಕರಿನಿಂದ ಒಂದೇ ಸದ್ದು ಬರುವಾಗ ಗಾಯಕರು ನಟ್ಟನಡುವೆ, ಕೈಚಾಚಿದರೆ ಸಿಗುವಂತೆ ಕೂತಿರಬೇಕು. ಹರಡಿಹೋದರೆ, ಒಂದು ಬದಿಗೆ ವಾಲಿದರೆ ಜಾಗ ತಪ್ಪಿದೆ, ಇಲ್ಲವೇ ಒಂದು ಸ್ಪೀಕರಿನ ಪ್ಲಸ್ಸು ಮೈನಸ್ಸು ಅದಲುಬದಲಾಗಿದೆ. ಅದಲುಬದಲಾದ ವೈರಿನಲ್ಲೇ ವರ್ಷಗಟ್ಟಲೆ ಸಂಗೀತ ಕೇಳಿದ ಮನೆಗಳು ನನಗೆ ಗೊತ್ತು.

ಇಷ್ಟೆಲ್ಲ ಮಾಡಿದ ಮೇಲೂ ದುಡ್ಡು ಜೇಬಿನಲ್ಲೇ ಇದೆ. ಈಗ ಅದನ್ನು ಸ್ಪೀಕರಿಗೆ ಹಾಕಿ. ಇಡೀ ಸರಪಳಿಯಲ್ಲಿ ಅತಿ ಹೆಚ್ಚು ತಪ್ಪು ಮಾಡುವ ಯಂತ್ರ ಅದೇ. ಕೊಳ್ಳುವಾಗ ಕಣ್ಣನ್ನು ನಂಬಬೇಡಿ. ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಒಂದೇ ಗುಂಪಿನ ಕೇಳುಗರಿಗೆ ಅವೇ ಸ್ಪೀಕರುಗಳನ್ನು ಪರದೆ ಹಾಕಿ ಒಮ್ಮೆ, ಹಾಕದೆ ಒಮ್ಮೆ ಕೇಳಿಸಿದರು. ಪರದೆ ಸರಿದಾಗ ದೊಡ್ಡ, ಅಂದವಾದ ಪೆಟ್ಟಿಗೆಗಳಿಗೆ ಅಂಕ ಏರಿತು. ಟೂಲ್ ಕೆನಡಾದಲ್ಲಿದ್ದಾಗಿನಿಂದ ನಡೆಸಿದ ಪರದೆಯ ಪರೀಕ್ಷೆಗಳಲ್ಲೆಲ್ಲ ಜನ ಇಷ್ಟಪಟ್ಟದ್ದು ಯಾವ ಸ್ವರಕ್ಕೂ ಪಕ್ಷಪಾತ ಮಾಡದ, ಪಕ್ಕಕ್ಕೆ ಚೆಲ್ಲುವ ಸದ್ದಿನಲ್ಲೂ ಸಮತೋಲ ಕಾಯುವ ಸ್ಪೀಕರನ್ನು. ನಮ್ಮ ಸಂಗೀತಕ್ಕೆ ಇನ್ನೊಂದು ಮಾತು ಸೇರಿಸುತ್ತೇನೆ. ಕಂಠದ ವಲಯ ಗಟ್ಟಿಯಾಗಿರಲಿ. ಗಂಗೂಬಾಯಿ ಹಾನಗಲ್ ಅವರ ದನಿಯ ತೂಕ ಸಣ್ಣ ಪೆಟ್ಟಿಗೆಗಳಲ್ಲಿ ಸೋರಿಹೋಗುತ್ತದೆ. ಒಂದೇ ಶ್ವಾಸಕೋಶದ ಬಲದಲ್ಲಿ ಹಾಡುತ್ತಿದ್ದ ಕುಮಾರ ಗಂಧರ್ವರ ತುಣುಕು ತುಣುಕಾದ ಉಸಿರು ಒರಟು ಟ್ವೀಟರಿನಲ್ಲಿ ಬರೀ ಸಿಳ್ಳಾಗುತ್ತದೆ.

ಹಳೆಯ ಸ್ಪೀಕರನ್ನು ಎಸೆಯುವ ಮುನ್ನ ಅದರ ಕೋನಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ. ಫೋಮಿನ ಅಂಚು ನಮ್ಮ ತೇವದ ಹವೆಯಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಹತ್ತು ಹದಿನೈದು ವರ್ಷಕ್ಕೆ ಪುಡಿಯಾಗುತ್ತದೆ. ಆಗ ಮಂದ್ರ ಒಡೆದು ಕೇಳಿಸುತ್ತದೆ. ಅಂಚನ್ನಷ್ಟೇ ಬದಲಿಸುವ ಕಸುಬುದಾರರು ಬೆಂಗಳೂರಿನ ಎಸ್.ಪಿ. ರಸ್ತೆಯ ಸುತ್ತ ಇನ್ನೂ ಸಿಗುತ್ತಾರೆ. ಹೊಸದು ಕೊಳ್ಳುವುದಾದರೆ ರಬ್ಬರ್ ಅಂಚಿನದನ್ನು ಕೇಳಿ.

ಸಾಲಿನ ಕೊನೆಯಲ್ಲಿ ನಿಲ್ಲಬೇಕಾದ ಆಂಪ್ಲಿಫೈಯರ್ ವಿಷಯವನ್ನು ಇಲ್ಲೇ ಬೇಗ ಮುಗಿಸುತ್ತೇನೆ. ಸಾವಿರ ವಾಟ್ ಪಿಎಂಪಿಒ ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತಿದ್ದ ಕಾಲ ನೆನಪಿದೆಯಲ್ಲ. ಆ ಅಂಕಿಗೆ ಯಾವ ಅರ್ಥವೂ ಇರಲಿಲ್ಲ. ಆರ್‌ಎಂಎಸ್ ವಾಟ್ ಮಾತ್ರ ನೋಡಿ. ಅದನ್ನು 50ರಿಂದ 100ಕ್ಕೆ ಏರಿಸಿದರೆ ಹೆಚ್ಚುವುದು 3 ಡೆಸಿಬೆಲ್, ಕಿವಿಗೆ ಕೊಂಚ ಮಾತ್ರ ತಿಳಿಯುವಷ್ಟು. ಸದ್ದು ಎರಡು ಪಟ್ಟಾದಂತೆ ಅನ್ನಿಸಬೇಕಾದರೆ ಹತ್ತು ಪಟ್ಟು ವಾಟ್ ಬೇಕು. ನಮ್ಮ ಕೋಣೆಯಲ್ಲಿ ಹಿತವಾಗಿ ಕೇಳುವಾಗ ಸರಾಸರಿ ಖರ್ಚಾಗುವುದು ಒಂದು ವಾಟಿನ ಆಸುಪಾಸು. ತಬಲಾದ ಪೆಟ್ಟುಗಳಿಗೆ ಮೀಸಲು ಎಂದು 40 ಅಥವಾ 50 ಸಾಕು. ವೈರಿಗೆ ವಿದ್ಯುತ್ ಸಾಮಾನಿನ ಅಂಗಡಿಯ 2.5 ಚದರ ಮಿಲಿಮೀಟರ್ ತಾಮ್ರ ಧಾರಾಳವಾಯಿತು. ಐದು ಮೀಟರ್ ದೂರಕ್ಕೆ ಹೋಗಿ ಬರುವಾಗ ಅದರ ತಡೆ ಒಂದು ಓಮಿನ ಹತ್ತನೇ ಒಂದಕ್ಕಿಂತ ಕಡಿಮೆ, ಸ್ಪೀಕರಿನದು ಎಂಟು ಓಮ್. ಇದರ ಮೇಲೆ ಸಾವಿರಗಟ್ಟಲೆ ಸುರಿಯುವವರೊಂದಿಗೆ ನಾನು ವಾದಿಸುವುದಿಲ್ಲ, ಸ್ನೇಹ ಉಳಿಯಬೇಕಲ್ಲ. ಆದರೆ ಹಿನ್ನೆಲೆಯಲ್ಲಿ ಗುಂಯ್ ಎನ್ನುತ್ತಿದ್ದರೆ ಮನೆಯ ಅರ್ಥಿಂಗ್ ನೋಡಿಸಿ. ಕರೆಂಟ್ ಹೋದಾಗ ಮಾತ್ರ ಬರುವ ಝೇಂಕಾರಕ್ಕೆ ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರ್ ಕಾರಣವಿರಬಹುದು. ಸೈನ್ ವೇವ್ ಇನ್ವರ್ಟರ್ ಹಾಕಿಸಿದರೆ ತಂಬೂರಿಗೆ ಜೊತೆಯಾಗಿದ್ದ ಬೇರೆ ಶ್ರುತಿ ನಿಲ್ಲುತ್ತದೆ.

ನಡುವೆ ಇನ್ನೊಂದು ಉಪಕರಣವಿದೆ, ತಲೆಯ ಎರಡು ಬದಿಗೆ. ವಯಸ್ಸಾದಂತೆ ಮೇಲಿನ ಸ್ವರಗಳು ಮೊದಲು ಹೋಗುತ್ತವೆ. ನನ್ನ ವಯಸ್ಸಿನವರು ಟ್ವೀಟರಿನ 20,000 ಹರ್ಟ್ಜ್ ಸಾಮರ್ಥ್ಯ ನೋಡಿ ದುಡ್ಡು ಕೊಡುವುದು ಮೊಮ್ಮಕ್ಕಳಿಗಾಗಿ. ಎರಡು ಕಿವಿಗಳ ನಡುವೆ ವ್ಯತ್ಯಾಸವಿದ್ದರೆ ಗಾಯಕರು ವಾಲುವುದು ಅಲ್ಲಿಂದಲೇ. ಕಿವಿಯ ವೈದ್ಯರು ಗುಗ್ಗೆ ತೆಗೆದ ಮೇಲೆ ಹೊಸ ಟ್ವೀಟರ್ ಬೇಡವಾದವರೂ ಇದ್ದಾರೆ.

ಇನ್ನು ಮುದ್ರಣ. ಸಿ.ಡಿ.ಯ 16 ಬಿಟ್, 44.1 ಕಿಲೊಹರ್ಟ್ಜ್ ಸಾಲದು, ಹೈ-ರೆಸಲ್ಯೂಶನ್ ಬೇಕು ಎಂಬ ಪ್ರಚಾರ ಜೋರಾಗಿದೆ. ಮೇಯರ್ ಮತ್ತು ಮೊರಾನ್ ಎಂಬಿಬ್ಬರು 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಹೈ-ರೆಸಲ್ಯೂಶನ್ ಸಂಗೀತವನ್ನು ಸಿ.ಡಿ.ಯ ಮಟ್ಟಕ್ಕೆ ಇಳಿಸಿ, ಯಾವುದು ಯಾವುದೆಂದು ಕೇಳಿದರು. 554 ಸಲ ಕೇಳಿದಾಗ ಸರಿಯುತ್ತರ ಬಂದದ್ದು 276. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ. ಆದರೆ ಹಿಂಡಿ ಹಿಪ್ಪೆ ಮಾಡಿದ ಹಳೆಯ ಎಂಪಿ-3 ಫೈಲುಗಳ ಮಾತು ಬೇರೆ. ಅಲ್ಲಿ ತಂಬೂರಿಯೇ ಮೊದಲ ಬಲಿ. ಅದರ ಮೇಲಿನ ಅನುಸ್ವರಗಳು ನೀರಿನಡಿ ಮುಳುಗೇಳುವುದನ್ನು ಯಾರು ಬೇಕಾದರೂ ಗುರುತಿಸಬಹುದು.

1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಗಾಗಿ ಹಾಡಿದ, ಕೊನೆಗಾಲದಲ್ಲಿ ಮೈಸೂರಿಗೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡ ಗೌಹರ್ ಜಾನ್ ಅವರ ಮೊದಲ ತಟ್ಟೆಗಳಲ್ಲಿ ವಿದ್ಯುತ್ತಿನ ಮೈಕೇ ಇರಲಿಲ್ಲ. ಕಹಳೆಯೊಳಗೆ ಹಾಡಿದ್ದು ಅದು. ಅಂಥ ತಟ್ಟೆಯಲ್ಲಿ ಸುಮಾರು 2,500 ಹರ್ಟ್ಜ್ ಮೇಲೆ ಇರುವುದು ಬಹುಪಾಲು ಕರಕರ ಸದ್ದೇ. ಅದನ್ನು ಕೇಳುವಾಗ ಮೇಲಿನ ಸ್ವರಗಳ ಗುಂಡಿಯನ್ನು ನಾಚಿಕೆಯಿಲ್ಲದೆ ತಗ್ಗಿಸಿ. ತಟ್ಟೆಯನ್ನೇ ಹಾಕುವವರು ಎಲ್‌ಪಿಯ ಸೂಜಿಯಿಂದ 78ರ ತಟ್ಟೆ ನುಡಿಸಬಾರದು. ಅದರ ಗೆರೆಗೆ ಸುಮಾರು ಮೂರು ಪಟ್ಟು ಅಗಲದ ಮೊನೆ ಬೇಕು.

ಆಕಾಶವಾಣಿಯಿಂದಲೋ ಖಾಸಗಿ ಬೈಠಕ್ಕಿನಿಂದಲೋ ಟೇಪಿಗಿಳಿದು, ಟೇಪಿನಿಂದ ಟೇಪಿಗೆ ದಾಟಿ, ಈಗ ಫೋನಿನಲ್ಲಿ ಹರಿದಾಡುವ ಕಚೇರಿಗಳಲ್ಲಿ ಇನ್ನೊಂದು ಕೆಡುಕಿದೆ. ಡೆಕ್ಕಿನ ವೇಗ ಶೇಕಡಾ ಆರು ಹೆಚ್ಚಾದರೆ ಶ್ರುತಿ ಪೂರಾ ಒಂದು ಮನೆ ಏರುತ್ತದೆ. ಕರಿ ಒಂದರ ಗಾಯಕರು ಬಿಳಿ ಎರಡರಲ್ಲಿ ಅವಸರವಾಗಿ ಹಾಡುತ್ತಿರುತ್ತಾರೆ, ಕಂಠ ತೆಳುವಾಗಿರುತ್ತದೆ, ನಾವು ಸ್ಪೀಕರನ್ನು ಬೈಯುತ್ತೇವೆ. ಗಾಯಕರ ನಿಜ ಶ್ರುತಿ ತಿಳಿದಿದ್ದರೆ ಕಂಪ್ಯೂಟರಿನ ಪುಕ್ಕಟೆ ತಂತ್ರಾಂಶದಲ್ಲಿ ವೇಗವನ್ನು ಇಳಿಸಿ ಸರಿಮಾಡಬಹುದು. ಶ್ರುತಿಯನ್ನಷ್ಟೇ ಇಳಿಸುವ ಗುಂಡಿ ಬೇರೆ, ಅದನ್ನು ಮುಟ್ಟಬೇಡಿ. ವೇಗ ಮತ್ತು ಶ್ರುತಿ ಒಟ್ಟಿಗೆ ಇಳಿಯಬೇಕು.

ಈ ಸಭೆಯಲ್ಲಿರುವ ಕೆಲವರ ಮನೆಯ ಅಟ್ಟದಲ್ಲಿ ಅಂಥ ಸ್ಪೂಲುಗಳು, ಕ್ಯಾಸೆಟ್ಟುಗಳು ಇದ್ದೇ ಇರುತ್ತವೆ. ಬೂಷ್ಟು ಕಂಡರೆ ಡೆಕ್ಕಿಗೆ ಹಾಕಬೇಡಿ, ಅದು ಹೆಡ್ಡಿಗೂ ಮುಂದಿನ ಟೇಪಿಗೂ ಅಂಟುತ್ತದೆ. ಸುತ್ತುವಾಗ ಕೀರಲು ಸದ್ದು ಮಾಡಿ ಅಂಟಿಕೊಳ್ಳುವ, 1970–80ರ ದಶಕಗಳ ಕೆಲವು ಸ್ಪೂಲುಗಳನ್ನು ತಿಳಿದವರು ಹದವಾದ ಬಿಸಿಯಲ್ಲಿ ಒಣಗಿಸಿ, ಮತ್ತೆ ಕೆಡುವುದರೊಳಗೆ ಪ್ರತಿ ಮಾಡಿಕೊಳ್ಳುತ್ತಾರೆ. ವಿನಿಗರ್ ವಾಸನೆ ಬರುವ ಸ್ಪೂಲು ಅದಕ್ಕಿಂತ ಹಳೆಯ ಅಸಿಟೇಟಿನದು, ಅದನ್ನು ಬಿಸಿ ಮಾಡಲೇಬಾರದು. ಅದನ್ನು ಉಳಿದವುಗಳಿಂದ ಬೇರೆ ಡಬ್ಬಿಗೆ ಹಾಕಿ, ತಂಪಾದ ಒಣ ಜಾಗದಲ್ಲಿ ನಿಲ್ಲಿಸಿಡಿ, ಪ್ರತಿ ಮಾಡಿಸುವ ಸರದಿಯಲ್ಲಿ ಮೊದಲು ಅದನ್ನೇ ಕೊಡಿ. ಡಬ್ಬಿಯ ಮೇಲೆ ಹಾಡಿದವರ ಹೆಸರು, ಊರು, ವರ್ಷದ ಜೊತೆಗೆ ಅವರ ಶ್ರುತಿಯನ್ನೂ ಬರೆದಿಡಿ.